ಹಾಯಿದೋಣಿಯಲ್ಲಿ ಬ್ಯಾಂಡಿನ ಕ್ಯಾಸೆಟ್ಟು

ಬೆಳಗಾವಿಯ ಟೆಲಿಫೋನ್ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ ಕಾಲದ ಜನಕ್ಕೆ ಆಪರೇಟರ್ ಕುಂದಾಳ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಗಂಟೆಗಟ್ಟಲೆ ಕಾದು ಸಿಟ್ಟಾದವರು ಫೋನಿನಲ್ಲಿ ಕೂಗಾಡಿದರೆ ಆಕೆ ತಾನೂ ದನಿ ಏರಿಸುತ್ತಿರಲಿಲ್ಲ. ‘ಲೈನ್ ಬಿಡಬ್ಯಾಡ್ರಿ, ನಾ ಇಲ್ಲೇ ಇದ್ದೀನಿ’ ಅನ್ನುತ್ತಿದ್ದಳು. ಸಾವಿನ ಸುದ್ದಿ ತಿಳಿಸಲು ನಡುಗುತ್ತ ಬಂದವರೂ ಆ ದನಿ ಕೇಳಿ ಸ್ವಲ್ಪ ಸಮಾಧಾನಗೊಳ್ಳುತ್ತಿದ್ದರು. ಆಮೇಲೆ ಓಣಿಗೊಂದು ಎಸ್‌ಟಿಡಿ ಬೂತು ಬಂದು ಟ್ರಂಕ್ ಕಾಲ್ ನಿಂತುಹೋಯಿತು. ಕುಂದಾಳನ್ನು ದೂರು ಬರೆದುಕೊಳ್ಳುವ ವಿಭಾಗದಲ್ಲಿ ಕೂರಿಸಿದರು.

ಆಕೆಯ ಗಂಡ ಅವಧೂತ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಕ್ಷೆ ಬರೆಯುವವನು. ಅನಗೋಳದ ಹಳೆಯ ಓಣಿಯಲ್ಲಿ ಮನೆ. ಅವನ ಕಿವಿ ಬಹಳ ಸೂಕ್ಷ್ಮ. ಬಾಜೂಮನೆಯ ಮಿಕ್ಸರ್ ತಿರುಗಿದರೆ ಅದು ಯಾವ ಸ್ವರದಲ್ಲಿ ಅರಚುತ್ತದೆ ಎಂದು ಹೇಳಬಲ್ಲವನಾಗಿದ್ದ. ಸಂಜೆ ಹಾರ್ಮೋನಿಯಂ ಹಿಡಿದು ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು. ಸ್ವರ ತಪ್ಪಿದರೆ ಅವನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಮಗಳು ಮುಗ್ಧಾಳ ಮದುವೆಯಲ್ಲಿ ಅದೇ ಒಂದು ರಂಪವಾಯಿತು. ಕುಂದಾಳ ತವರು ಖಾನಾಪುರ. ಅಲ್ಲಿಂದ ಮೈಲಾರಲಿಂಗ ಎಂಬವನ ಬ್ಯಾಂಡು ತರಿಸಿದ್ದರು. ಕ್ಲಾರಿನೆಟ್ಟಿನವನು ಅರ್ಧ ಸ್ವರ ಕೆಳಗೇ ಊದುತ್ತಿದ್ದ. ಅವಧೂತ ಮದುಮಗನ ಮೆರವಣಿಗೆಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ‘ಅಪ್ಪಾ, ನಿಷಾದ ಇಳದದ, ಮ್ಯಾಲೆ ತಗೋ’ ಎಂದು ಅವನಿಗೆ ಹೇಳಿಕೊಡಲು ಹೋದ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಮೆರವಣಿಗೆಯನ್ನು ಯಾರೋ ಟೇಪ್ ಮಾಡಿ ಕುಂದಾಳಿಗೆ ಕೊಟ್ಟಿದ್ದರು. ಮೆರವಣಿಗೆ ಮಂಟಪದ ಬಾಗಿಲಿಗೆ ಬಂದ ಕಡೆ, ಬ್ಯಾಂಡಿನ ನಡುವೆ, ಮುಗ್ಧಾಳ ನಗು ಕೇಳುತ್ತಿತ್ತು. ಮಗಳು ಗಂಡನ ಮನೆಗೆ ಹೋದ ಮೇಲೆ ಕುಂದಾ ಅಡುಗೆಮನೆಯಲ್ಲಿ ಅದನ್ನು ಹಚ್ಚಿಕೊಳ್ಳುತ್ತಿದ್ದಳು, ಅವಧೂತ ಕೆಲಸಕ್ಕೆ ಹೋದಾಗ ಮಾತ್ರ.

ಹಾರ್ಮೋನಿಯಂ ಬಿಟ್ಟರೆ ಅವಧೂತನಿಗೆ ಇನ್ನೊಂದು ಹುಚ್ಚು. ಹುಡುಗನಿದ್ದಾಗಿನಿಂದ ದೋಣಿಗಳ ಚಿತ್ರ ಬರೆಯುತ್ತಿದ್ದ. ಮುಗ್ಧಾಳ ಮದುವೆ ಮುಗಿದ ವರ್ಷ ಕಾರವಾರದಲ್ಲಿ ಗೋವಾದವರೊಬ್ಬರ ಹಳೆಯ ಹಾಯಿದೋಣಿ ಕೊಂಡುಕೊಂಡ. ಇಬ್ಬರು ಕೂತು ಒಬ್ಬರು ಕಾಲು ಚಾಚಬಹುದಾದಷ್ಟು ದೊಡ್ಡದು. ರಜೆ ಸಿಕ್ಕಾಗಲೆಲ್ಲ ಖಾನಾಪುರದ ಮೇಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಹೋಗಿ ಅದರ ಹಲಗೆ ಬದಲಿಸಿದ, ಹಾಯಿ ಹೊಲಿಸಿದ, ಕಾಳಿ ನದಿ ಸಮುದ್ರ ಸೇರುವ ಅಳಿವೆಯ ಒಳಗೆ ಕೋಡಿಬಾಗದ ದಂಡೆಗೆ ಕಟ್ಟಿ ಇಟ್ಟ. ಯಂತ್ರ ಕೂರಿಸಲು ಒಪ್ಪಲಿಲ್ಲ. ಅದರ ಸದ್ದು ಅವನಿಗೆ ಆಗದು.

ಕುಂದಾಳಿಗೆ ನೀರಿನ ಭಯ ಇರಲಿಲ್ಲ. ಖಾನಾಪುರದಲ್ಲಿ ಮಲಪ್ರಭೆಯ ಮಡುವಿನಲ್ಲಿ ಅಣ್ಣಂದಿರ ಜೊತೆ ಈಜು ಕಲಿತವಳು. ಆಕೆಗೆ ಭಯವಿದ್ದದ್ದು ಗಂಡನ ‘ನನಗ ಗೊತ್ತದ’ ಎಂಬ ಮಾತಿನದು. ದೋಣಿಯಲ್ಲಿ ಆಕೆ ಏನು ಕೇಳಿದರೂ ಅದೇ ಉತ್ತರ. ಚುಕ್ಕಾಣಿ ಹಿಡಿಯುವುದನ್ನು, ಹಗ್ಗ ಎಳೆದು ಬಿಡುವುದನ್ನು ಕಲಿಸಿದ್ದ. ಅಳಿವೆಯೊಳಗೆ ಬರುವ ದಾರಿ ಮಾತ್ರ ಕಲಿಸಿರಲಿಲ್ಲ. ಅಲ್ಲಿ ನೀರಿನ ಕೆಳಗೆ ಮರಳ ದಿಬ್ಬವಿತ್ತು. ‘ನಾ ಇರ್ತೀನಲ್ಲ, ನಿನಗ್ಯಾಕ ಅದು?’ ಅಂದಿದ್ದ.

ಎರಡು ಸಾವಿರದ ಇಸವಿಯ ಜನವರಿ. ಕೋಡಿಬಾಗದಿಂದ ಬೆಳಿಗ್ಗೆ ಹೊರಟು, ಕಾರವಾರದ ಎದುರಿನ ಒಂದು ದ್ವೀಪದ ಸುತ್ತ ಬಳಸಿ ಸಂಜೆಯೊಳಗೆ ಬರುವುದೆಂದು ಠರಾಯಿಸಿದರು. ಕಾರವಾರದ ಬಸ್ಸು ಹತ್ತುವ ಹಿಂದಿನ ದಿನ ಅನಗೋಳದ ಮನೆಯಲ್ಲಿ ಅವಧೂತ ಕ್ಯಾಸೆಟ್ಟುಗಳನ್ನೆಲ್ಲ ಜಮಖಾನೆಯ ಮೇಲೆ ಹರಡಿಕೊಂಡು ಕೂತ. ಹೋಗುವಾಗ ಬೆಳಗಿನ ರಾಗ. ದ್ವೀಪದ ಮರೆಯಲ್ಲಿ ಬರೀ ಸಿತಾರ್. ಬರುವಾಗ ವಿಲಂಬಿತದ ಖಯಾಲು.

‘ಹಾಯಿ ಹಿಗ್ಗಿದಂಗ ಆಲಾಪ ಹಿಗ್ಗಬೇಕು,’ ಎಂದ. ‘ಅವಸರದ ಹಾಡು ಹಚ್ಚಿದ್ರ ಕೈನೂ ಅವಸರ ಮಾಡ್ತದ.’

‘ವಿಲಂಬಿತ ಹಚ್ಚಿದ್ರ ನಿಮಗ ನಿದ್ದಿ ಬರ್ತದ,’ ಎಂದಳು ಕುಂದಾ. ‘ಮುಗ್ಧಾನ ಮದುವಿದೊಂದು ತಗೊಳ್ರಿ.’

‘ಆ ಕ್ಲಾರಿನೆಟ್ಟು? ಸಮುದ್ರದಾಗ?’ ಅವಧೂತ ಕಿವಿ ಮುಚ್ಚಿಕೊಂಡ. ‘ಮೀನ ಸತ್ತ ತೇಲ್ತಾವ ಕುಂದಾ.’

ಕುಂದಾ ನಗಲಿಲ್ಲ. ‘ನಿಮಗ ಕ್ಲಾರಿನೆಟ್ ಒಂದ ಕೇಳಸ್ತದ. ಅದರಾಗ ನನ್ನ ಮಗಳ ದನಿ ಅದ,’ ಎಂದು ಒಳಗೆ ಹೋದಳು. ಮರುದಿನ ಮನೆ ಬಿಡುವಾಗ ಚಪಾತಿ ಡಬ್ಬಿಯ ಕೆಳಗೆ ಆ ಕ್ಯಾಸೆಟ್ಟನ್ನು ತುರುಕಿಕೊಂಡಳು.

ಹೋಗುವ ದಾರಿ ಚೆನ್ನಾಗಿಯೇ ಆಯಿತು. ದ್ವೀಪ ಸುತ್ತಿ ದೋಣಿ ಕರಾವಳಿಯ ಕಡೆ ಮುಖ ಮಾಡಿದಾಗ ಪಡುವಣ ಗಾಳಿ ಜೋರಾಗಿತ್ತು. ಗಾಳಿ ಬೆನ್ನ ಹಿಂದೆ, ಹಾಯಿ ಪೂರ್ತಿ ಒಂದು ಬದಿಗೆ ಚಾಚಿತ್ತು. ಅಲೆ ಹಿಂದಿನಿಂದ ಎತ್ತಿ ಎತ್ತಿ ಒಗೆಯುತ್ತಿತ್ತು. ಸಿತಾರಿನ ಕ್ಯಾಸೆಟ್ಟು ಮುಗಿದು ಟೇಪ್ ರೆಕಾರ್ಡರಿನ ಗುಂಡಿ ಟಕ್ಕೆಂದು ಮೇಲೆದ್ದಿತು.

‘ಈಗ ಮದುವಿದು ಹಚ್ಚೂಣು,’ ಎಂದಳು ಕುಂದಾ. ‘ನಾ ತಂದೀನಿ.’

‘ಅಂದ್ರ ಕದ್ದು ತಂದಿ?’ ಅವಧೂತನಿಗೆ ಖರೇ ಸಿಟ್ಟು ಬಂತು. ‘ಹಿಡಿ ಇದನ್ನ. ನೆಟ್ಟಗ ಹಿಡಿ.’ ಚುಕ್ಕಾಣಿಯನ್ನು ಆಕೆಯ ಕೈಗೆ ಕೊಟ್ಟು, ತನ್ನ ಖಯಾಲಿನ ಕ್ಯಾಸೆಟ್ಟು ಹುಡುಕಲು ಎದ್ದು ಚೀಲದ ಮೇಲೆ ಬಾಗಿದ. ಕುಂದಾಳ ಕಣ್ಣು ಅವನ ಕೈ ಮೇಲೆ ಇತ್ತು. ಅಷ್ಟರಲ್ಲಿ ಒಂದು ಅಲೆ ದೋಣಿಯ ಹಿಂಭಾಗವನ್ನು ಓರೆಯಾಗಿ ತಳ್ಳಿತು. ಗಾಳಿ ಹಾಯಿಯ ಆಚೆ ಮಗ್ಗುಲಿಗೆ ನುಗ್ಗಿತು. ಹಾಯಿಯ ಬುಡದ ಅಡ್ಡಮರ ಒಂದು ಬದಿಯಿಂದ ಇನ್ನೊಂದು ಬದಿಗೆ ರಪ್ಪನೆ ಬೀಸಿ ಬಂದು ಅವಧೂತನ ಬಲಗಿವಿಯ ಹಿಂದೆ ಹೊಡೆಯಿತು.

ಅವನು ಕೂಗಲಿಲ್ಲ. ಮಂಡಿಯೂರಿ, ಹಾಗೇ ದೋಣಿಯ ತಳಕ್ಕೆ ಕುಸಿದ.

ಕುಂದಾ ಚುಕ್ಕಾಣಿ ಬಿಟ್ಟು ಎದ್ದಳು. ದೋಣಿ ಒಮ್ಮೆಲೇ ಹೊರಳಿ ನೀರು ಒಳಗೆ ಚಿಮ್ಮಿತು. ಮತ್ತೆ ಕೂತು ಹಿಡಿದಳು. ಬಿಟ್ಟರೆ ದೋಣಿ ಮಗುಚುತ್ತದೆ, ಹಿಡಿದರೆ ಗಂಡನನ್ನು ಮುಟ್ಟಲಾಗದು. ಕಾಲು ಚಾಚಿ ಅವನ ತೋಳು ತಟ್ಟಿದಳು. ‘ರೀ... ಏಳ್ರಿ... ರೀ!’ ಕಿವಿಯಿಂದ ರಕ್ತ ಎಳೆಯಾಗಿ ಇಳಿಯುತ್ತಿತ್ತು. ಅವನ ಕಣ್ಣು ಅರ್ಧ ತೆರೆದಿತ್ತು. ಎಚ್ಚರವಿತ್ತು, ಆದರೆ ಆ ಎಚ್ಚರ ಜಾರುತ್ತಿತ್ತು.

ದೂರದಲ್ಲಿ ಮೀನುಗಾರರ ಒಂದು ದೋಣಿ ಕಂಡಿತು. ಕುಂದಾ ಸೆರಗು ಬಿಚ್ಚಿ ಬೀಸಿದಳು. ಅದು ಗೋವಾದ ದಿಕ್ಕಿಗೆ ಹೋಗಿ ಚಿಕ್ಕದಾಯಿತು. ಬಲಕ್ಕೆ ಕಾರವಾರದ ಉದ್ದನೆಯ ಮರಳ ದಂಡೆ. ಅಲ್ಲಿಗೇ ನುಗ್ಗಿಸಿದರೆ? ಆದರೆ ಅಲ್ಲಿ ಅಲೆಗಳು ಬಿಳಿಯಾಗಿ ಒಡೆಯುತ್ತಿದ್ದವು. ಎದ್ದು ನಿಲ್ಲಲಾರದ ಮನುಷ್ಯನನ್ನು ಆ ನೊರೆಯಲ್ಲಿ ಇಳಿಸುವುದು ಹೇಗೆ? ಉಳಿದದ್ದು ಅಳಿವೆ. ನೀರಿನ ಇಳಿತ ಶುರುವಾದರೆ ದಿಬ್ಬದ ಮೇಲೆ ಅಲೆ ಇನ್ನೂ ಎತ್ತರಕ್ಕೆ ಏಳುತ್ತದೆ ಎಂದು ಅವಧೂತನೇ ಹೇಳಿದ್ದು ನೆನಪಿತ್ತು. ಇಳಿತಕ್ಕೆ ಬಹಳ ಹೊತ್ತು ಇರಲಿಲ್ಲ.

‘ರೀ, ಅಳಿವೆ ಒಳಗ ಎಲ್ಲಿಂದ ಹೋಗಬೇಕು? ಏನು ನೋಡ್ಕೊಂಡು ಹೋಗಬೇಕು? ಹೇಳ್ರಿ.’

ಅವಧೂತನ ತುಟಿ ಅಲುಗಾಡಿತು. ‘ಬಿಳೀ ಮನಿ...’ ಎಂದ. ಕಣ್ಣು ಮುಚ್ಚಿದ.

ಕುಂದಾ ಕರೆದಳು, ಬೈದಳು, ನೀರು ಚಿಮುಕಿಸಿದಳು. ಚೀಲ ಅವನ ಕಾಲ ಬಳಿ ಬಿದ್ದಿತ್ತು. ಅದನ್ನು ಕಾಲಿನಿಂದ ಎಳೆದುಕೊಂಡಳು. ಅವನ ಪ್ರೀತಿಯ ಗಾಯನ ಕೇಳಿದರೆ ಎಚ್ಚರಾದಾನು ಎನ್ನಿಸಿತು. ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದೇ ಖಯಾಲಿನ ಕ್ಯಾಸೆಟ್ಟು ಹಾಕಿದಳು. ತಂಬೂರಿ ಶುರುವಾಯಿತು, ದೀರ್ಘವಾದ ಷಡ್ಜ ಬಂತು. ಅವಧೂತನ ಹಣೆಯ ಗೆರೆ ಸಡಿಲಾಯಿತು, ಕತ್ತು ಒಂದು ಕಡೆ ವಾಲಿತು. ಅನಗೋಳದ ಮನೆಯಲ್ಲಿ ಊಟವಾದ ಮೇಲೆ ಆರಾಮ ಕುರ್ಚಿಯಲ್ಲಿ ನಿದ್ದೆ ಹೋಗುವಾಗ ಆಗುತ್ತಿದ್ದ ಮುಖ ಅದು. ಕುಂದಾ ಥಟ್ಟನೆ ಗುಂಡಿ ಒತ್ತಿ ನಿಲ್ಲಿಸಿದಳು.

ಚಪಾತಿ ಡಬ್ಬಿ ಎತ್ತಿ ಒಗೆದು, ಮದುವೆಯ ಕ್ಯಾಸೆಟ್ಟು ತೆಗೆದು ಹಾಕಿದಳು. ಸದ್ದನ್ನು ಪೂರ್ತಿ ಏರಿಸಿ ಟೇಪ್ ರೆಕಾರ್ಡರನ್ನು ಅವನ ಎಡಗಿವಿಯ ಹತ್ತಿರ ತಳ್ಳಿದಳು.

ಡೋಲು ಬಿತ್ತು, ತುತ್ತೂರಿಗಳು ಕೂಗಿದವು, ಅವುಗಳ ಮೇಲೆ ಖಾನಾಪುರದ ಆ ಕ್ಲಾರಿನೆಟ್ಟು ತನ್ನ ಇಳಿದ ಸ್ವರ ಹಿಡಿದು ಚೀರಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಅವಧೂತನ ಹುಬ್ಬು ಗಂಟಾಯಿತು. ಮುಖ ಕಿವುಚಿದ.

‘ಇಳದದ...’ ಎಂದ. ‘ಬೇಸೂರ... ಬಂದ್ ಮಾಡ.’

‘ಮಾಡ್ತೀನಿ. ಮೊದಲ ಹೇಳ್ರಿ, ಬಿಳೀ ಮನಿ ಏನಾಗಬೇಕು?’

‘ಬಂದ್ ಮಾಡ ಕುಂದಾ, ತಲಿ ಒಡೀತದ.’

‘ಹೇಳೂತನಕ ಮಾಡೂದಿಲ್ಲ. ಬಿಳೀ ಮನಿ?’

‘ಸೇತುವಿ ಕಂಬದ ಹಿಂದ... ಮುಚ್ಚಿ ಹೋಗಬೇಕು.’

‘ಯಾವ ಕಂಬ?’

ಅವನ ಕಣ್ಣು ಮತ್ತೆ ಮುಚ್ಚಿತು. ಕ್ಲಾರಿನೆಟ್ಟು ಮೇಲಿನ ಸ್ವರಕ್ಕೆ ಹೋಗಲು ಹೆಣಗಿ ಅರ್ಧದಲ್ಲೇ ಜಾರಿತು. ಅವಧೂತ ಕಣ್ಣು ತೆರೆದು ಟೇಪ್ ರೆಕಾರ್ಡರನ್ನು ದೂಡಲು ಕೈ ಎತ್ತಿದ. ಕೈ ಅಷ್ಟು ದೂರ ಬರಲಿಲ್ಲ.

‘ಯಾವ ಕಂಬ ಅಂತ ಹೇಳು!’ ಎಂದು ಕುಂದಾ ಕಿರಿಚಿದಳು. ಮದುವೆಯಾದಾಗಿನಿಂದ ಗಂಡನನ್ನು ಆಕೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು.

‘ಗುಡ್ಡದ ಕಡೀದು... ಮೊದಲನೇದು,’ ಎಂದ ಅವಧೂತ. ‘ನೊರಿ ಹಿಂದ ಬೀಳೂತನಕ ತಿರುಗಬ್ಯಾಡ. ನೊರಿ ನೋಡಿ ಹೆದರಿ ತಿರುಗಿದ್ರ... ಮುಗೀತು.’

ಎಡಕ್ಕೆ ಸದಾಶಿವಗಡದ ಗುಡ್ಡ, ಎದುರಿಗೆ ಸೇತುವೆ. ಗುಡ್ಡದ ಕಡೆಯ ಮೊದಲ ಕಂಬದ ಪಕ್ಕದಲ್ಲಿ, ದೂರದ ದಂಡೆಯ ಮೇಲೆ ಬಿಳಿ ಗೋಡೆಯೊಂದು ಕಂಡಿತು. ಕುಂದಾ ಚುಕ್ಕಾಣಿಯನ್ನು ಒಂದಿಷ್ಟೇ ತಿರುಗಿಸಿದಳು. ಅಡ್ಡಮರ ಮತ್ತೆ ಬೀಸಿ ಬಂದೀತೆಂದು ತಲೆ ತಗ್ಗಿಸಿಯೇ ನೋಡುತ್ತಿದ್ದಳು. ಬಿಳಿ ಗೋಡೆ ಮೆಲ್ಲಗೆ ಕಂಬದ ಕಡೆ ಸರಿಯಿತು. ಅರ್ಧ ಮರೆಯಾಯಿತು. ಪೂರ್ತಿ ಮರೆಯಾಯಿತು.

ಆಗ ಅಲೆ ಒಡೆಯುವ ಸದ್ದು ಕೇಳಿತು. ಎರಡೂ ಕಡೆ ನೀರು ಬೆಳ್ಳಗೆ ಎದ್ದಿತ್ತು, ನಡುವೆಯೂ ನೊರೆಯೇ. ಅದರೊಳಗೆ ದಾರಿಯಿದೆ ಎಂದು ನಂಬಲು ಏನೂ ಆಧಾರವಿರಲಿಲ್ಲ, ಪೆಟ್ಟು ತಿಂದು ತೊದಲುತ್ತಿದ್ದ ಗಂಡನ ಮಾತು ಬಿಟ್ಟರೆ. ಬ್ಯಾಂಡು ಬಾರಿಸುತ್ತಲೇ ಇತ್ತು. ‘ನಾ ಇಲ್ಲೇ ಇದ್ದೀನಿ,’ ಎಂದು ಆಕೆ ಹೇಳುತ್ತಿದ್ದಳು. ಅವನಿಗೋ ತನಗೋ ಗೊತ್ತಿರಲಿಲ್ಲ. ಹಿಂದಿನ ಅಲೆ ದೋಣಿಯನ್ನು ಎತ್ತಿ ಮುಂದಕ್ಕೆ ಎಸೆಯಿತು. ಮೂತಿ ಬಲಕ್ಕೆ ಎಳೆಯತೊಡಗಿತು. ಎರಡೂ ಕೈ, ಒಂದು ಮಂಡಿ ಒತ್ತಿ ಕುಂದಾ ಚುಕ್ಕಾಣಿಯನ್ನು ಹಿಡಿದಿಟ್ಟಳು. ಒಂದು ಅಲೆ ಬೆನ್ನ ಮೇಲೆ ಬಿದ್ದು ದೋಣಿಯೊಳಗೆ ಸುರಿಯಿತು. ಬ್ಯಾಂಡು ಗೊರಗೊರ ಎಂದು ನಿಂತುಹೋಯಿತು. ದೋಣಿಯ ತಳ ಮರಳಿಗೆ ಒಮ್ಮೆ ಧಡ್ಡೆಂದು ತಾಗಿತು. ಮುಂದಿನ ಅಲೆ ಎತ್ತಿಕೊಂಡಿತು.

ಆಮೇಲೆ ನೀರು ಚಪ್ಪಟೆಯಾಯಿತು. ನೊರೆಯ ಸದ್ದು ಹಿಂದಕ್ಕೆ ಉಳಿಯಿತು.

ದೋಣಿಯನ್ನು ದಂಡೆಗೆ ತಿರುಗಿಸುವ ಧೈರ್ಯ ಕುಂದಾಳಿಗೆ ಇರಲಿಲ್ಲ. ಹಗ್ಗ ಬಿಚ್ಚಿ ಹಾಯಿಯನ್ನು ಹಾಗೇ ಕೆಳಗೆ ಬೀಳಿಸಿ, ದೋಣಿಯೊಳಗೆ ತುಂಬಿದ್ದ ನೀರಿನಲ್ಲಿ ಕೂತು ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಕೋಡಿಬಾಗದ ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದವರು ನೋಡಿ ಹುಟ್ಟು ಹಾಕುತ್ತ ಬಂದರು.

ಕಾರವಾರದಲ್ಲಿ ಹೊಲಿಗೆ ಹಾಕಿ ಬೆಳಗಾವಿಗೆ ಕಳಿಸಿದರು. ತಲೆಯೊಳಗೆ ಬಾವು ಬಂದಿತ್ತು. ಕೆಲವು ದಿನ ಡಾಕ್ಟರರೂ ಏನೂ ಹೇಳಲಿಲ್ಲ. ಅವಧೂತ ಉಳಿದ, ಬಲಗಿವಿ ಉಳಿಯಲಿಲ್ಲ. ಸದ್ದು ತಡೆಯಲಾಗದ ಸ್ಥಿತಿಯಲ್ಲಿ ಅನಗೋಳದ ಓಣಿ ಬೇಡವೆಂದು ಖಾನಾಪುರದಲ್ಲಿ ಕುಂದಾಳ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಬೇಸಿಗೆಯವರೆಗೂ ಇದ್ದರು. ಕುಂದಾ ಬೆಳಿಗ್ಗೆ ರೈಲು ಹಿಡಿದು ಕಚೇರಿಗೆ ಹೋಗಿ ಸಂಜೆ ಬರುತ್ತಿದ್ದಳು. ಗಂಡನ ಎಡಕ್ಕೇ ಕೂತು ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಹಾರ್ಮೋನಿಯಂ ತಂದುಕೊಟ್ಟರೆ ಅವನು ಮುಟ್ಟಲಿಲ್ಲ.

ಒಂದು ದಿನ ಅವಧೂತ ಹೇಳಿದ, ‘ದೋಣಿ ಮಾರಿಬಿಡೂಣು. ನಿನ್ನ ಕೊಂದಬಿಡ್ತಿದ್ದೆ ನಾನು.’

‘ಮಾರೂದು ಬ್ಯಾಡ,’ ಎಂದಳು ಕುಂದಾ.

‘ಹೆದರಿಕಿ ಆಗೂದಿಲ್ಲೇನು ನಿನಗ?’

‘ಆಗ್ತದ. ದಾರಿ ಗೊತ್ತಿಲ್ಲದ್ದಕ್ಕ ಆಗ್ತದ. ಕಲೀತೀನಿ.’

ಮಳೆಗಾಲ ಮುಗಿದ ಮೇಲೆ ಆಕೆ ಒಬ್ಬಳೇ ಬಸ್ಸು ಹತ್ತಿ ಕಾರವಾರಕ್ಕೆ ಹೋಗತೊಡಗಿದಳು. ಅಂದು ಎಳೆದು ತಂದ ಮೀನುಗಾರರ ಮನೆಯಲ್ಲೇ ಉಳಿದು, ಅವರ ದೋಣಿಯಲ್ಲಿ ಅಳಿವೆಯ ಒಳಗೂ ಹೊರಗೂ ಓಡಾಡಿ, ಮಳೆಗಾಲ ಕಳೆದಾಗೊಮ್ಮೆ ದಿಬ್ಬ ಎಲ್ಲಿಗೆ ಸರಿಯುತ್ತದೆ, ಗಾಳಿ ಬೆನ್ನಿಗಿದ್ದಾಗ ಅಡ್ಡಮರಕ್ಕೆ ಹಗ್ಗ ಹೇಗೆ ಬಿಗಿಯಬೇಕು ಎಂದೆಲ್ಲ ಕೇಳಿ ತಿಳಿದುಕೊಂಡಳು. ಕಚೇರಿಯಲ್ಲಿ ಜೊತೆಗಿದ್ದ ಕಾಂತಾ ಆಕೆಯ ಅಂಗೈ ಹಿಡಿದು ನೋಡಿ, ‘ಏನ್ರೀ ಇದು, ಕಲ್ಲ ಒಡದಂಗ ಆಗೇದ’ ಎಂದು ಗಾಬರಿಯಾದಳು.

ಚಳಿಗಾಲದಲ್ಲಿ ಅವಧೂತನೂ ಬಂದ. ಈ ಸಲ ಅವನು ಮುಂದೆ ಕೂತ, ಎಡಗಿವಿ ಹೆಂಡತಿಯ ಕಡೆಗೆ ಇರುವಂತೆ. ಸಮುದ್ರದಿಂದ ಮರಳುವಾಗ ಅಳಿವೆ ಹತ್ತಿರವಾದಂತೆ ಅವನ ಕೈ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿಯಿತು. ನೊರೆ ಕಂಡಾಗ ತಡೆಯಲಾಗಲಿಲ್ಲ.

‘ಕುಂದಾ, ಇನ್ನ ಸ್ವಲ್ಪ ಎಡಕ್ಕ...’

‘ಈಗ ಮಾತಾಡಬ್ಯಾಡ್ರಿ,’ ಎಂದಳು ಕುಂದಾ, ಕಂಬದ ಮೇಲಿನ ಕಣ್ಣು ತೆಗೆಯದೆ.

ಅವಧೂತ ಮುಖ ಮುಂದಕ್ಕೆ ತಿರುಗಿಸಿಕೊಂಡ. ಮೊದಲ ಅಲೆ ದೋಣಿಯನ್ನು ಹಿಂದಿನಿಂದ ಎತ್ತಿತು.