ನಸರುಲ್ಲಾ ಕಟ್ಟಿದ ಹತ್ತೊಂಬತ್ತು ಡಬ್ಬಿ

ನಸರುಲ್ಲಾನನ್ನು ನಾನು ಮೊದಲು ಕಂಡದ್ದು ಎಂಬತ್ತನಾಲ್ಕನೇ ಇಸವಿ ನವೆಂಬರ್ ಹದಿಮೂರು, ಮಂಗಳವಾರ, ಮಕ್ಕಳಿಗೆ ಗಂಜಿ ಕೊಟ್ಟು ಮುಗಿಸಿದ ಹೊತ್ತಿಗೆ. ಜಾವಳಿಯಿಂದ ಎರಡು ಮೈಲಿ ಒಳಗಿರುವ ಎಸ್ಟೇಟಿನಲ್ಲಿ, ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಆ ಕೋಣೆಗೆ ಮಕ್ಕಳ ಶೆಡ್ಡು ಎನ್ನುತ್ತಿದ್ದೆವು. ಗುಡ್ಡ ಕಡಿದು ಕಟ್ಟಿದ್ದು. ಹಿಂದಿನ ಗೋಡೆ ಎಂದರೆ ಗುಡ್ಡವೇ. ನೆಲಕ್ಕೆ ಚಪ್ಪಡಿ ಕಲ್ಲು, ಕಲ್ಲು ಕಲ್ಲಿನ ನಡುವೆ ಬೆರಳು ಹೋಗುವಷ್ಟು ಸಂದು. ಒಂದು ಕಿಟಕಿ ಇತ್ತು. ಮಕ್ಕಳು ಅಳುವುದು ಬಂಗಲೆಗೆ ಕೇಳುತ್ತದೆಂದು ಅದನ್ನು ಇಟ್ಟಿಗೆ ಇಟ್ಟು ಮುಚ್ಚಿಸಿದ್ದರು. ಉಳಿದದ್ದು ಒಂದೇ ಬಾಗಿಲು. ಕೊಯ್ಲಿನ ಕಾಲದಲ್ಲಿ ಅದರೊಳಗೆ ಇಪ್ಪತ್ತಮೂರು ಮಕ್ಕಳು.

ಬಂದವನಿಗೆ ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಉಗುರಿನ ಸಂದಿಯಲ್ಲಿ ಗ್ರೀಸು, ಹೆಗಲಲ್ಲಿ ಗೋಣಿಚೀಲ. ಅವನ ಸಾಹೇಬರು, ಸರ್ಕಾರದ ಸರ್ವೆಯವರು, ಬಂಗಲೆಯಲ್ಲಿ ಕಾಫಿಗೆ ಕೂತಿದ್ದರು. ಇವನು ಚಪ್ಪಲಿ ಹೊರಗೆ ಬಿಟ್ಟು, ಮಲಗಿದ ಮಕ್ಕಳನ್ನು ದಾಟದೆ ಗೋಡೆಗುಂಟ ಸುತ್ತಿ ಬಂದ. ಚೀಲದಿಂದ ಲೋಟದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ ತೆಗೆದ. ಒಳಗೆ ತಳಕ್ಕೆ ಕೆಂಪು ಹಾಳೆಯ ಒಂದು ಚೂರು ಅಂಟಿಸಿತ್ತು.

‘ಎಂತದಿದು ಸಾಬ್ರೆ?’ ಎಂದೆ.

‘ಗಾಳಿ ಅಳೆಯೋದು ಅಮ್ಮ. ನೆಲದೊಳಗಿನ ಕಲ್ಲಲ್ಲಿ ಹುಟ್ಟೋ ಗಾಳಿ. ರೇಡಾನ್ ಅಂತಾರೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣುರಿ ಇಲ್ಲ. ಸಂದಿಯಿಂದ ಮೇಲೆ ಬರುತ್ತೆ. ಕಿಟಕಿ ಇದ್ರೆ ಹೊರಗೆ ಹೋಗುತ್ತೆ, ಇಲ್ದಿದ್ರೆ ಇಲ್ಲೇ ಕೂತ್ಕೊಳ್ಳುತ್ತೆ. ವರ್ಷಗಟ್ಟಲೆ ಎಳಕೊಂಡ್ರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರಬಹುದು.’

ನಾನು ನಕ್ಕೆ. ‘ನಮ್ಮ ಕಣ್ಣಿಗೇ ಕಾಣದ್ದು ನಿನ್ನ ಡಬ್ಬಿಗೆ ಕಾಣುತ್ತಾ ಮಾರಾಯ?’

ಅವನೂ ನಕ್ಕ. ಆ ಗಾಳಿ ಕೆಂಪು ಹಾಳೆಯ ಮೇಲೆ ಇರುವೆ ಕಚ್ಚಿದ ಹಾಗೆ ಗುರುತು ಮಾಡುತ್ತದೆ, ಅದನ್ನು ಔಷಧಿಯಲ್ಲಿ ತೊಳೆದು ದೊಡ್ಡದಾಗಿ ತೋರಿಸುವ ಗಾಜಿನ ಕೆಳಗಿಟ್ಟು ಎಣಿಸುತ್ತಾರೆ ಎಂದ. ತೊಂಬತ್ತು ದಿನ ಇಲ್ಲೇ ಇರಬೇಕು, ಯಾರೂ ಮುಟ್ಟಬಾರದು ಎಂದು ಮೂರು ಸಲ ಹೇಳಿದ. ಜಂತಿಗೆ ದಾರ ಕಟ್ಟಿ ಇಳಿಬಿಟ್ಟು, ಡಬ್ಬಿಯ ಮೇಲಿದ್ದ ನಂಬರನ್ನೇ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಹತ್ತೊಂಬತ್ತು ಎಂದು ಬರೆದು ತಾರೀಕು ಹಾಕಿದ. ಒಂದರಿಂದ ಹದಿನೆಂಟರ ತನಕದ್ದು ನಮ್ಮ ಲೈನಿನ, ಎಂದರೆ ಕೂಲಿಯವರ ಸಾಲುಮನೆಯ, ಹದಿನೆಂಟು ಮನೆಗಳಿಗೆ. ನನ್ನ ಮನೆಯದು ಏಳು.

ಅವನು ಸರ್ವೆಯ ಮನುಷ್ಯನಲ್ಲ. ಕೊಟ್ಟಿಗೆಹಾರದ ಜೀಪ್ ಮೆಕ್ಯಾನಿಕ್. ಅವನ ಅಪ್ಪ ಅಹಮದ್ ಚಾರ್ಮಾಡಿ ಘಾಟಿಯಲ್ಲಿ ಮರದ ಲಾರಿ ಓಡಿಸಿದವರು. ಮಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ ಇಂಥದ್ದೇ ಕೆಟ್ಟಿದೆ ಎನ್ನುತ್ತಿದ್ದ. ಬ್ರೇಕ್ ಕೆಲಸ ಮಾಡಿದ ಗಾಡಿಯನ್ನು ತಾನೇ ಘಾಟಿಯ ಮೊದಲ ತಿರುವಿನ ತನಕ ಇಳಿಸಿ, ವಾಪಸ್ ಹತ್ತಿಸಿ ತಂದ ಮೇಲೆಯೇ ಯಜಮಾನರ ಕೈಗೆ ಕೊಡುತ್ತಿದ್ದ. ಸರ್ವೆಯವರ ಜೀಪು ಅಲ್ಲಿ ಕೆಟ್ಟು ನಿಂತಾಗ ರಿಪೇರಿ ಮಾಡಿದವನು ಇವನು. ಕೈ ನೋಡಿ, ಡ್ರೈವರೂ ಆಗಲಿ, ಡಬ್ಬಿ ಕಟ್ಟುವ ಕೆಲಸವೂ ಆಗಲಿ ಎಂದು ಇಟ್ಟುಕೊಂಡರು. ಆ ಕೆಲಸದ ಮೇಲೆ ಅವನಿಗೆ ಎಷ್ಟು ಮರ್ಯಾದೆ ಇತ್ತು ಎಂದರೆ, ಡಬ್ಬಿಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿಯುತ್ತಿದ್ದ.

ಇನ್ನು ನಮ್ಮ ಎಸ್ಟೇಟಿನ ಪದ್ಧತಿ ಹೇಳಬೇಕು. ಕಾರ್ಮಿಕರ ಇನ್ಸ್‌ಪೆಕ್ಟರು ಬರುವ ದಿನ ಶೆಡ್ಡಿನ ಗೋಡೆಗೆ ಔಷಧಿ ಪೆಟ್ಟಿಗೆ ತೂಗುಹಾಕಬೇಕು. ಅವರ ಜೀಪು ಗೇಟು ದಾಟಿದ ಕೂಡಲೇ ಬಿಚ್ಚಿ ಆಫೀಸಿನ ಕಪಾಟಿನಲ್ಲಿಡಬೇಕು. ಮಕ್ಕಳ ಹೊಸ ಕಂಬಳಿಗಳೂ ಹಾಗೆಯೇ, ಮಕ್ಕಳ ತಕ್ಕಡಿಯೂ ಹಾಗೆಯೇ. ಮಗುವಿನ ಕಾಲಿಗೆ ಗಾಯವಾದರೆ ಅರಿಶಿನ, ಪೆಟ್ಟಿಗೆ ಕಪಾಟಿನಲ್ಲಿ. ಹನ್ನೊಂದು ವರ್ಷ ಅದನ್ನು ಹೊತ್ತು ತಂದವಳು, ಹೊತ್ತು ಹೋದವಳು ನಾನು. ಈ ಪದ್ಧತಿ ಮಾಡಿದವರು ರೈಟರು ಗಂಗಾಧರಪ್ಪ, ಆಫೀಸಿನ ಲೆಕ್ಕಪತ್ರ ನೋಡುವವರು. ಅವರನ್ನು ‘ಅವರು’ ಎನ್ನುವುದು ನನ್ನ ಬಾಯಿಯ ಅಭ್ಯಾಸ, ಅಷ್ಟೆ.

ನಸರುಲ್ಲಾನ ಜೀಪು ಹೋದ ಅರ್ಧ ಗಂಟೆಗೆ ರೈಟರು ಹೇಳಿಕಳಿಸಿದರು. ಡಬ್ಬಿಗಳನ್ನೆಲ್ಲ ಬಿಚ್ಚಿ ತಾ ಎಂದು. ತೊಂಬತ್ತು ದಿನ ಮುಟ್ಟಬೇಡಿ ಅಂದಿದ್ದಾರೆ ಎಂದು ನಾನು ಹೇಳಿದ್ದು ನಿಜ. ‘ಸರ್ಕಾರದ ಸಾಮಾನು. ನಿಮ್ಮ ಮಕ್ಕಳು ಒಡೆದ್ರೆ ನೀನು ಜವಾಬ್ದಾರಿಯಾ?’ ಎಂದರು. ನಾನು ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಲೈನು ಸುತ್ತಿ ಹತ್ತೊಂಬತ್ತನ್ನೂ ಬಿಚ್ಚಿ ತಂದು ಕಪಾಟಿನ ಮೇಲಿನ ಹಲಗೆಯಲ್ಲಿ, ಔಷಧಿ ಪೆಟ್ಟಿಗೆಯ ಪಕ್ಕ, ನಂಬರಿನ ಸಾಲಾಗಿ ಜೋಡಿಸಿದೆ. ಎರಡು ಕಡೆ ಕಿಟಕಿ ಇರುವ, ಗಾಳಿ ಆಡುವ ಆಫೀಸು ಅದು. ಗುಡ್ಡಕ್ಕೆ ತಾಗಿದ ಕೋಣೆಯಲ್ಲಿ ಮಕ್ಕಳು ಮಲಗಿದವು, ಅವರ ಗಾಳಿ ಅಳೆಯುವ ಡಬ್ಬಿ ರೈಟರ ಕುರ್ಚಿಯ ಹಿಂದೆ ಮಲಗಿತು.

ಫೆಬ್ರವರಿ ಹನ್ನೊಂದಕ್ಕೆ ಬರುತ್ತೇವೆಂದು ಸರ್ವೆಯವರ ಕಾಗದ ಬಂತು. ಹತ್ತನೇ ತಾರೀಕು ಭಾನುವಾರ ಹತ್ತೊಂಬತ್ತನ್ನೂ ಮತ್ತೆ ಕಟ್ಟಿದವಳೂ ನಾನೇ. ಗೋಡೆಯ ನಂಬರು ನೋಡಿ, ಒಂದೂ ತಪ್ಪದ ಹಾಗೆ.

ಮಾರನೇ ದಿನ ನಸರುಲ್ಲಾ ಬಂದ. ಮನೆ ಮನೆಗೂ ಹೋಗಿ ಬಿಚ್ಚಿದ. ನನ್ನ ಮನೆಯ ಏಳನೇ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೆರಳಲ್ಲಿ ಹೊರಮೈ ಸವರಿ ಬೆರಳು ನೋಡಿಕೊಂಡ. ಮೇಲೆ ಜಂತಿ ನೋಡಿದ. ಒಲೆಯ ಹೊಗೆ ಹಿಡಿದು ಕಪ್ಪಾಗಿದ್ದ ಜಂತಿ.

‘ಮುದ್ದಮ್ಮ, ನೀವು ಮೂರು ತಿಂಗಳಿಂದ ಒಲೆ ಹಚ್ಚಿಲ್ವಾ?’ ಎಂದ.

‘ಒರೆಸಿದೆ’ ಎಂದೆ.

‘ಎಲ್ಲಾ ಮನೇದೂ ನೀವೇ ಒರೆಸಿದ್ರಾ?’

ನಾನು ಸೆರಗಿನಿಂದ ಒಲೆಯ ಕಟ್ಟೆ ಒರೆಸತೊಡಗಿದೆ. ಅವನು ನನ್ನ ಮುಖ ನೋಡಿ ಡಬ್ಬಿಯನ್ನು ಚೀಲಕ್ಕೆ ಇಳಿಸಿದ. ಅಲ್ಲೇ ಬಾಯಿ ಬಿಟ್ಟಿದ್ದರೆ ಒಂದು ಗಂಟೆಯಲ್ಲಿ ಮುಗಿಯುವ ಕಥೆ.

ಮೇ ತಿಂಗಳಲ್ಲಿ ಪಕ್ಕದ ಮನೆಯ ಕಲ್ಲಮ್ಮ ಕೊಟ್ಟಿಗೆಹಾರಕ್ಕೆ ಹೋಗಿ ಬಂದವಳು ಸುದ್ದಿ ತಂದಳು. ಹತ್ತೊಂಬತ್ತು ಹಾಳೆಯಲ್ಲೂ ಒಂದೇ ಲೆಕ್ಕ ಬಂದಿದೆಯಂತೆ. ಹತ್ತೊಂಬತ್ತು ಜಾಗದ ಗಾಳಿ ಒಂದೇ ಆಗಿರಲು ಸಾಧ್ಯವಿಲ್ಲ, ಇವನು ಡಬ್ಬಿಗಳನ್ನು ಕಟ್ಟದೆ ತನ್ನ ಮನೆಯಲ್ಲೇ ಇಟ್ಟುಕೊಂಡು ಊರು ಸುತ್ತಿದ್ದಾನೆ ಎಂದು ಸಾಹೇಬರು ತೀರ್ಮಾನ ಮಾಡಿ ಕೆಲಸದಿಂದ ತೆಗೆದರಂತೆ. ಹೋಟೆಲಿನಲ್ಲಿ ಜನ ಅವನಿಗೆ ಹೊಸ ಹೆಸರಿಟ್ಟಿದ್ದರು, ಡಬ್ಬಿ ಸಾಬ ಎಂದು. ಗಾಳಿಯನ್ನು ಹಿಡಿದು ಮುಚ್ಚಳ ಹಾಕಿದ್ಯಾ ಮಾರಾಯ, ಒಂದು ಡಬ್ಬಿ ನಮಗೂ ಕೊಡು ಎಂದು ನಗುತ್ತಿದ್ದರಂತೆ. ಅದನ್ನಾದರೂ ಸಹಿಸಬಹುದು. ಒಬ್ಬ ಸಾಹುಕಾರರು ತಮ್ಮ ಜೀಪನ್ನು ಅವನ ಕೈಯಿಂದ ಬಿಡಿಸಿಕೊಂಡು ಹೋದರಂತೆ. ಡಬ್ಬಿಯಲ್ಲಿ ಸುಳ್ಳು ಹೇಳಿದವನು ಬ್ರೇಕಿನಲ್ಲೂ ಹೇಳುತ್ತಾನೆ ಎಂದರಂತೆ.

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಪ್ರತಿ ಗಾಡಿಯನ್ನೂ ಮೊದಲು ತಾನು ಕೂತು ಘಾಟಿ ಇಳಿಸಿ ನೋಡುವವನಿಗೆ ಈ ಮಾತು. ಹೇಳಿಸಿದ್ದು ಯಾರು? ಕಪಾಟಿನ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವರು, ಮತ್ತೆ ನಾನು.

ಮಾರನೇ ಬೆಳಿಗ್ಗೆ ಆಫೀಸಿಗೆ ಹೋದೆ. ಡಬ್ಬಿ ಕಪಾಟಿನಲ್ಲಿ ಇತ್ತೆಂದು ನೀವೇ ಒಂದು ಕಾಗದ ಬರೆದುಬಿಡಿ, ಆ ಹುಡುಗನ ಹೆಸರು ಉಳಿಯುತ್ತದೆ, ಒಳ್ಳೆಯದಕ್ಕೇ ಇಟ್ಟೆ ಅಂತಲೇ ಬರೆಯಿರಿ, ನಾನು ಬೇಡ ಅನ್ನಲ್ಲ ಎಂದು ಕೇಳಿಕೊಂಡೆ. ರೈಟರು ತಲೆ ಎತ್ತದೆ ‘ಯಾವ ಡಬ್ಬಿ?’ ಎಂದರು.

ನಾನು ಕಪಾಟಿನ ಕಡೆ ಕೈ ತೋರಿಸಿದೆ.

‘ಔಷಧಿ ಪೆಟ್ಟಿಗೆ ಬಿಟ್ರೆ ಅಲ್ಲಿ ಎಂತದೂ ಇರಲಿಲ್ಲ. ನಿಂಗೆ ವಯಸ್ಸಾಯ್ತು ಮುದ್ದಮ್ಮ. ಲೈನಿನ ಮನೆ ಬೇಕಲ್ವಾ ನಿಂಗೆ?’

ಗಂಡ ತೀರಿಕೊಂಡ ಮೇಲೆ ಶೆಡ್ಡಿನ ಕೆಲಸದ ಮೇಲೆಯೇ ಆ ಮನೆ ನನಗೆ ಉಳಿದಿತ್ತು. ಅದು ಅವರಿಗೆ ಗೊತ್ತು. ಗೊತ್ತಿದ್ದೇ ಆಡಿದ ಮಾತು. ನಾನು ಶೆಡ್ಡಿಗೆ ವಾಪಸ್ ಬಂದೆ. ನಾಲ್ಕು ದಿನ ಶೆಡ್ಡಿನಲ್ಲಿ ಮಕ್ಕಳ ತಟ್ಟೆ ತೊಳೆಯುತ್ತ ಅದನ್ನೇ ಅಗಿದೆ. ಐದನೇ ದಿನ ಕಲ್ಲಮ್ಮನನ್ನು ಶೆಡ್ಡಿನಲ್ಲಿ ಕೂರಿಸಿ ಕೊಟ್ಟಿಗೆಹಾರಕ್ಕೆ ಹೋದೆ.

ನಸರುಲ್ಲಾ ಒಂದು ಹಳೇ ಜೀಪಿನ ಕೆಳಗೆ ಮಲಗಿದ್ದ. ನನ್ನ ಕಾಲು ನೋಡಿ ಹೊರಗೆ ಬಂದ. ನಿಂತಲ್ಲೇ ಎಲ್ಲ ಹೇಳಿದೆ. ಬಿಚ್ಚಿದ ಹೊತ್ತು, ಹಲಗೆ, ಸಾಲು, ಮತ್ತೆ ಕಟ್ಟಿದ ದಿನ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ. ಅವನ ಹೆಂಡತಿ ತಾಹಿರಾ ಬಾಗಿಲಲ್ಲಿ ನಿಂತಿದ್ದವಳು ಬೈದಳು. ಒಂದು ತಿಂಗಳಿಂದ ನನ್ನ ಗಂಡ ಊಟ ಸರಿಯಾಗಿ ಮಾಡಿಲ್ಲ, ನಿಮಗೆ ಈಗ ಬಾಯಿ ಬಂತಾ ಎಂದಳು. ಸರಿಯಾಗಿಯೇ ಬೈದಳು. ಆಮೇಲೆ ಟೀ ಕೊಟ್ಟಳು.

ಇಬ್ಬರೂ ಮೂಡಿಗೆರೆ ಬಸ್ಸು ಹತ್ತಿದೆವು. ಸರ್ವೆಯವರು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಹಡಿ ಬಾಡಿಗೆಗೆ ಹಿಡಿದಿದ್ದರು. ಸಾಹೇಬರು ನನ್ನ ಮಾತು ನಂಬಲಿಲ್ಲ. ಇವನೇ ಹೇಳಿಕೊಟ್ಟು ಕರೆತಂದಿದ್ದಾನೆ ಎಂದರು. ನನಗೆ ಓದು ಹೆಚ್ಚಿಲ್ಲ; ಆದರೆ ನೋಡಿದ್ದು ಮರೆಯುವುದಿಲ್ಲ. ನಾಲ್ಕನೇ ಡಬ್ಬಿಯ ಬಾಯಿಯ ಅಂಚು ಸೀಳಿತ್ತು, ಹನ್ನೆರಡನೆಯದರ ದಾರ ಇಲಿ ಕಡಿದು ನಾನು ಸೆಣಬಿನ ಹುರಿ ಕಟ್ಟಿದ್ದೆ, ಹದಿನೈದನೆಯದು ಕಪಾಟಿನ ಬಾಗಿಲಿಗೆ ತಾಗಿ ಹಸಿರು ಬಣ್ಣ ಮೆತ್ತಿಕೊಂಡಿತ್ತು ಎಂದೆ. ಸಾಹೇಬರು ಒಳಗೆ ಹೋಗಿ ಖಾಲಿ ಡಬ್ಬಿಗಳ ಪೆಟ್ಟಿಗೆ ತಂದರು. ನಾಲ್ಕು ನೋಡಿದರು, ಹನ್ನೆರಡು ನೋಡಿದರು. ಹದಿನೈದರ ಹಸಿರು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು.

ಇವನಿಗೆ ಕ್ಷಮೆ ಕೇಳಿದರೇ? ಇಲ್ಲ. ಬರುವ ನವೆಂಬರಿನಲ್ಲಿ ಮತ್ತೆ ಕಟ್ಟು ಎಂದರು, ಅಷ್ಟೆ. ದೊಡ್ಡವರ ಬಾಯಲ್ಲಿ ತಪ್ಪಾಯಿತು ಎನ್ನುವ ಮಾತು ಬರುವುದಿಲ್ಲ, ಹೊಸ ಕೆಲಸ ಬರುತ್ತದೆ.

ನಾನು ಮೂಡಿಗೆರೆಗೆ ಹೋದದ್ದು ತಿಳಿದ ದಿನವೇ ರೈಟರು ನನ್ನನ್ನು ಶೆಡ್ಡಿನಿಂದ ತೆಗೆದು ಕಳೆ ತೆಗೆಯುವ ಗುಂಪಿಗೆ ಹಾಕಿದರು. ಐವತ್ತೆಂಟು ವರ್ಷ, ಮೊಣಕಾಲು ನೋವು, ಇಳಿಜಾರಿನ ತೋಟ. ಮನೆ ಬಿಡಿಸಲು ನೋಡಿದರು. ಕಾರ್ಮಿಕ ಸಂಘದವರು ಅಡ್ಡ ನಿಂತರು, ರೈಟರ ಕೈಲಿ ಆಗಲಿಲ್ಲ.

ಎರಡನೇ ಸಲ ಡಬ್ಬಿ ಕಟ್ಟಿದಾಗ ಸಾಹೇಬರೇ ನಿಂತು ಗಂಟಿಗೆ ಅರಗು ಹಾಕಿಸಿದರು. ಲೆಕ್ಕ ಬಂತು. ಕಪಾಟಿನಲ್ಲಿ ಬಂದದ್ದಕ್ಕಿಂತ ಶೆಡ್ಡಿನದು ಹದಿನಾಲ್ಕು ಪಟ್ಟು ಹೆಚ್ಚು. ಹದಿನಾಲ್ಕು ಪಟ್ಟು. ಆ ಗಾಳಿಯನ್ನು ಆ ಮಕ್ಕಳು ಎಷ್ಟು ವರ್ಷ ಕುಡಿದವೋ. ಇಟ್ಟಿಗೆ ಇಡಿಸಿದವರು ಬಂದು ಒಂದು ದಿನ ಅಲ್ಲಿ ಮಲಗಲಿ ಎಂದು ನಾನು ತೋಟದಲ್ಲಿ ನಿಂತು ಬೈದೆ. ಮೇಸ್ತ್ರಿ ಕೇಳಿಸದ ಹಾಗೆ ಮುಂದೆ ಹೋದ.

ಆ ಲೆಕ್ಕದ ಕಾಗದ ಎಸ್ಟೇಟಿನ ಯಜಮಾನರ ತನಕ ಹೋಯಿತು, ಶೆಡ್ಡು ಸರಿ ಮಾಡಿಸಿ ಎಂದರು. ಎಂಬತ್ತಾರರ ಏಪ್ರಿಲ್‌ನಲ್ಲಿ ಕೆಲಸ ಮಾಡಿದವನು ನಸರುಲ್ಲಾ. ಕಿಟಕಿಯ ಇಟ್ಟಿಗೆ ಒಡೆದು ಸರಳು ಹಾಕಿದ. ಚಪ್ಪಡಿಯ ಸಂದಿಗೆಲ್ಲ ಸಿಮೆಂಟು ತುಂಬಿದ. ಮೂಲೆಯಲ್ಲಿ ಒಂದು ಚಪ್ಪಡಿ ಎಬ್ಬಿಸಿ, ಕೆಳಗೆ ಗುಂಡಿ ತೋಡಿ ಜಲ್ಲಿ ಹಾಕಿ, ಅಲ್ಲಿಂದ ಕಬ್ಬಿಣದ ಪೈಪು ನಿಲ್ಲಿಸಿ ಮಾಡಿನ ಮೇಲಕ್ಕೆ ಬಿಟ್ಟ. ನೆಲದಡಿಯ ಗಾಳಿ ಮಕ್ಕಳ ಹತ್ತಿರ ಬರದೆ ಪೈಪಿನಲ್ಲೇ ಮೇಲೆ ಹೋಗುತ್ತದೆ, ಜೀಪಿಗೆ ಸೈಲೆನ್ಸರ್ ಇದ್ದ ಹಾಗೆ ಎಂದ. ಯಜಮಾನರು ನೋಡಲು ಬಂದ ದಿನ ಪೈಪಿನ ಪಕ್ಕ ಎದೆ ಎತ್ತಿ ನಿಂತು ವಿವರಿಸಿದವರು ಗಂಗಾಧರಪ್ಪ. ನಸರುಲ್ಲಾ ಹೊರಗೆ ನಿಂತು ಕೈ ತೊಳೆಯುತ್ತಿದ್ದ.

ಶೆಡ್ಡು ಸರಿಯಾಯಿತು. ಕೊಟ್ಟಿಗೆಹಾರದಲ್ಲಿ ಡಬ್ಬಿ ಸಾಬ ಎನ್ನುವುದು ನಿಲ್ಲಲಿಲ್ಲ. ಸುಳ್ಳು ಒಂದು ದಿನದಲ್ಲಿ ಊರು ಸುತ್ತಿತ್ತು. ನಿಜ ಹೇಳಲು ನಾನು ಎಷ್ಟು ಅಂಗಡಿ ಹತ್ತಿ ಇಳಿಯಲಿ? ಆದರೂ ಹತ್ತಿದೆ. ಕೆಲವರು ಕೇಳಿದರು, ಕೆಲವರು ಆಯ್ತು ಬಿಡಜ್ಜಿ ಎಂದರು. ಜೀಪು ಬಿಡಿಸಿಕೊಂಡು ಹೋದ ಸಾಹುಕಾರರು ವಾಪಸ್ ಬರಲಿಲ್ಲ. ಎಂಬತ್ತೇಳರ ಮಳೆಗಾಲದಲ್ಲಿ ನಸರುಲ್ಲಾ ಕಾಮಾಲೆಯಾಗಿ ಹದಿನೇಳು ದಿನ ಮಲಗಿ ತೀರಿಕೊಂಡ.

ನಾನು ಅವನನ್ನು ಕೊನೆಗೆ ನೋಡಿದ್ದು ಅದೇ ವರ್ಷ ಫೆಬ್ರವರಿಯಲ್ಲಿ. ಪೈಪು ಹಾಕಿದ ಮೇಲೆ ಶೆಡ್ಡಿನಲ್ಲಿ ಮೂರನೇ ಸಲಕ್ಕೆ ಕಟ್ಟಿದ್ದ ಡಬ್ಬಿ ಬಿಚ್ಚಲು ಬಂದಿದ್ದ. ನಾನು ತೋಟದಿಂದ ಕತ್ತಿ ಹಿಡಿದೇ ಓಡಿಬಂದು ಅವನ ಸ್ಟೂಲು ಹಿಡಿದುಕೊಂಡೆ. ಕಿಟಕಿಯಿಂದ ಗಾಳಿ ಬರುತ್ತಿತ್ತು, ಮಕ್ಕಳು ಮಲಗಿದ್ದವು. ಅವನು ಡಬ್ಬಿ ಬಿಚ್ಚಿ ಮುಚ್ಚಳ ಹಾಕಿ ಚೀಲಕ್ಕೆ ಇಳಿಸಿದ. ಸ್ಟೂಲಿನಿಂದ ಇಳಿದು, ನನ್ನ ಮುಖ ನೋಡದೆ, ಮಕ್ಕಳ ಕಡೆ ನೋಡುತ್ತ ಕೇಳಿದ:

‘ಮುದ್ದಮ್ಮ, ಬೇಜಾರು ಮಾಡ್ಕೋಬೇಡಿ. ನನ್ನ ಹೆಸರು ಕೆಡದೇ ಇದ್ದಿದ್ರೆ, ಬರೀ ಈ ಮಕ್ಕಳದ್ದೇ ವಿಷಯ ಆಗಿದ್ದಿದ್ರೆ, ನೀವು ಮೂಡಿಗೆರೆಗೆ ಬರ್ತಿದ್ರಾ?’