ನಮ್ಮೂರೇ ವಾಸಿ ಅಂದವರು

ಮುಳಬಾಗಿಲಿನಲ್ಲಿ ನಮ್ಮ ಎದುರುಮನೆಯಲ್ಲಿದ್ದವರು ಒಂದು ಕಡೆ ಕೂತವರಲ್ಲ. ಸ್ಕೂಟರಿನ ಕೀಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತ, ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ ಓಡಾಡುತ್ತಲೇ ಪೇಪರ್ ಓದುತ್ತಿದ್ದರು. ಯಾವ ಊರಲ್ಲಿ ಎಷ್ಟು ಕಳ್ಳತನ ಎಂಬ ಅಂಕಿಸಂಖ್ಯೆ ವರ್ಷಕ್ಕೊಮ್ಮೆ ಅಚ್ಚಾದರೆ ಅವರಿಗೆ ಹಬ್ಬ. ಕೂಡಲೇ ಮಾಲೂರಿನ ಭಾವಮೈದನಿಗೆ ಫೋನು.

"ನೋಡಿದ್ಯೇನಯ್ಯಾ? ನಿಮ್ಮೂರಲ್ಲೇ ಜಾಸ್ತಿ. ನಮ್ಮೂರೇ ವಾಸಿ ಕಣಯ್ಯಾ."

ಒಂದು ಬೆಳಿಗ್ಗೆ ಅವರ ಸ್ಕೂಟರೇ ಇರಲಿಲ್ಲ. ಗೇಟಿನ ಬೀಗ ಮುರಿದು ಬಿದ್ದಿತ್ತು.

"ಸ್ಟೇಷನ್ನಿಗೆ ನಾನೂ ಬರ್ತೀನಿ, ನಡೀರಿ ಸಾರ್" ಎಂದೆ. ಅವರು ಗೇಟಿನ ತನಕ ಬಂದು, ನಿಂತು, ಹಿಂದಕ್ಕೆ ಹೋದರು. ಮತ್ತೆ ಬಂದರು.

"ಬೇಡ ಬಿಡಿ. ಕಂಪ್ಲೇಂಟ್ ಕೊಟ್ರೆ ನಮ್ಮೂರ ಲೆಕ್ಕಕ್ಕೆ ಸೇರ್ತದೆ. ಮಾಲೂರಿನವನು ಸುಮ್ನಿರ್ತಾನಾ?"

"ಲೆಕ್ಕ ಹಾಳಾಗ್ಲಿ, ಗಾಡಿ ಬೇಡ್ವಾ?" ಎಂದು ಅವರ ಹೆಂಡತಿ ಒಳಗಿಂದ ಕೂಗಿದರು. ಇವರ ಬೆರಳಲ್ಲಿ ಕೀ ಇನ್ನೂ ಜೋರಾಗಿ ತಿರುಗಿತು.

ಆಮೇಲೆ ನಮ್ಮ ಬೀದಿಯಲ್ಲಿ ಇನ್ನೆರಡು ಮೂರು ಗಾಡಿಗಳು ಹೋದವು. ಕಳೆದುಕೊಂಡವರ ಮನೆಗಳಿಗೆ ಇವರೇ ಹೋಗಿ, ಕಂಪ್ಲೇಂಟ್ ಕೊಡದಂತೆ ಸಮಾಧಾನ ಮಾಡಿ ಬಂದರು. ನಾವೆಲ್ಲ ಒಬ್ಬೊಬ್ಬರಾಗಿ ಜಗಲಿಗೆ ಗ್ರಿಲ್ ಹಾಕಿಸಿಕೊಂಡೆವು.

ಮುಂದಿನ ವರ್ಷದ ಅಂಕಿಸಂಖ್ಯೆ ಬಂದ ದಿನ, ಬಸ್ ಸ್ಟ್ಯಾಂಡಿನಿಂದ ಬೆವರು ಒರೆಸಿಕೊಳ್ಳುತ್ತ ನಡೆದು ಬಂದ ಎದುರುಮನೆಯವರು ಬೀದಿಯಲ್ಲೇ ನಿಂತು ಪೇಪರ್ ಎತ್ತಿ ತೋರಿಸಿದರು.

"ನೋಡಿದ್ರಾ? ಇನ್ನೂ ಕಮ್ಮಿ ಆಗಿದೆ. ನಮ್ಮೂರೇ ವಾಸಿ!"

ಇಲ್ಲದ ಸ್ಕೂಟರಿನ ಕೀ ಅವರ ಬೆರಳಲ್ಲಿ ತಿರುಗುತ್ತಲೇ ಇತ್ತು. ನಾನು ಗ್ರಿಲ್ಲಿನ ಒಳಗಿಂದಲೇ ಹೌದೆಂದು ತಲೆಯಾಡಿಸಿದೆ.