ಅಪ್ಪಾರ ಶಾಲು

ನಮ್ಮವರು ಮಂಠಾಳದ ಹತ್ತಿರದ ಒಂದು ಸಣ್ಣ ಊರಿನ ಮಠಕ್ಕೆ ಅಯ್ಯನವರು. ಸಂಸಾರಸ್ಥರೇ ಪೀಠಕ್ಕೆ ಕೂಡುವ ಮಠ ಅದು. ಹೆಸರು ಮಹಾರುದ್ರಯ್ಯ, ಊರಿಗೆ ಅಪ್ಪಾರು. ಮದುವೆ, ಹೆಸರಿಡುವುದು, ಸತ್ತವರ ಮಣ್ಣು, ಎಲ್ಲಕ್ಕೂ ಅವರೇ ಹೋಗಬೇಕು. ಉಳಿದ ಹೊತ್ತು ತೊಗರಿ ಹೊಲ. ನಮಗೆ ಮಕ್ಕಳಾಗಲಿಲ್ಲ.

ಪಂಚಾಯಿತಿಗೆ ನಿಲ್ಲುವವರು ಮೊದಲು ಮಠಕ್ಕೆ ಬಂದು ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುತ್ತಾರೆ. ಅಪ್ಪಾರು ಯಾರಿಗೆ ಹಚ್ಚಿದರು ಎಂದು ಊರು ನೋಡುತ್ತದೆ. ಸಿದ್ದಪ್ಪ ಒಂದು ಪಾರ್ಟಿ, ವೈಜಿನಾಥ ಇನ್ನೊಂದು. ನಮ್ಮವರು ಇಬ್ಬರಿಗೂ ಹಚ್ಚಿದರು. ಸಿದ್ದಪ್ಪ ಕುದಿಯುತ್ತ ಬಂದ.

“ಅವಗೂ ಹಚ್ಚೀರಂತ. ಹ್ಯಾಂಗ್ರಿ ಅಪ್ಪಾರೆ ಇದು?”

“ಹಣಿ ತಂದಿದ್ದ, ಹಚ್ಚೀನಿ. ನೀನೂ ಹಣಿನೇ ತಂದಿದ್ದಿ, ವೋಟಿನ ಪೆಟಗಿ ತಂದಿದ್ದೇನು?”

ಆ ಸಲ ವೈಜಿನಾಥ ಗೆದ್ದ. ಮುಂದಿನ ಸಲ ಸಿದ್ದಪ್ಪ ಗೆದ್ದ, ಮಠದ ನಳ ಬಂದ್ ಮಾಡಿಸಿದ. ಬಾವಿಯಿಂದ ನೀರು ಹೊತ್ತು ನನಗೆ ಸಾಕಾಯಿತು.

“ಒಬ್ಬರ ಕಡಿ ಆಗಿಬಿಡ್ರಿ,” ಎಂದು ಬೈದೆ.

“ಆದ್ರ, ಇನ್ನೊಬ್ಬರ ಮನ್ಯಾಗ ಸಾವಾದಾಗ ಯಾರು ಹೋಗಬೇಕು?” ಎಂದರು.

ಅವರ ಹೆಗಲ ಮೇಲೆ ಯಾವಾಗಲೂ ಮಠದ ಕಾವಿ ಶಾಲು. ನುಸಿ ತಿಂದಲ್ಲೆಲ್ಲ ನಾನೇ ಹೊಲಿದಿದ್ದೆ. ಅಯ್ಯನವರು ತೀರಿಕೊಂಡಾಗ ಮನೆಯವರು ಆ ಶಾಲು ತೆಗೆದು ಯಾರಿಗೆ ಹೊದಿಸುತ್ತಾರೋ ಅವರೇ ಮುಂದಿನ ಅಯ್ಯನವರು. ಆಮೇಲೆಯೇ ಮಣ್ಣು.

ಹೋದ ಚಳಿಗಾಲ ಬಸವಕಲ್ಯಾಣದ ದವಾಖಾನೆಯಲ್ಲಿ ಅವರು ಹೋದರು. ಊರಿಗೆ ತಂದು, ನಮ್ಮ ಪದ್ಧತಿಯಂತೆ ಶಾಲು ಹೊದಿಸಿ ಗೋಡೆಗೆ ಆನಿಸಿ ಕೂಡಿಸಿದೆವು. ಗುಂಡಿ ತಯಾರಿತ್ತು. ಸಿದ್ದಪ್ಪ ಹುಮನಾಬಾದಿನಿಂದ ಒಬ್ಬ ಅಯ್ಯನನ್ನು ಕಾರಿನಲ್ಲಿ ತಂದಿದ್ದ. ವೈಜಿನಾಥನೂ ಒಬ್ಬನನ್ನು ತಂದಿದ್ದ. ಹೆಣದ ಮುಂದೆಯೇ ಜಗಳ. ಹೊತ್ತು ಇಳಿಯಿತು. ಅವರ ತಲೆ ವಾಲುತ್ತಿತ್ತು, ನಾನು ಕೈಕೊಟ್ಟು ಹಿಡಿದಿದ್ದೆ. ಇವತ್ತು ಇವರಿಗೆ ಮಣ್ಣು ಸಿಗುವುದಿಲ್ಲವೇನೋ ಎಂದು ಅಂಜಿದೆ.

“ಅಮ್ಮಾರೆ, ಶಾಲ್ ತೆಗೀರಿ. ನಮ್ಮವರಿಗಿ ಹಾಕ್ರಿ,” ಎಂದ ಸಿದ್ದಪ್ಪ.

“ಹಾಕ್ರಿ ನೋಡಮು. ಗುಂಡಿಗಿ ಇಳಸಗೊಡಂಗಿಲ್ಲ,” ಎಂದ ವೈಜಿನಾಥ.

ನಾನು ಶಾಲು ತೆಗೆಯಲಿಲ್ಲ. ಇನ್ನೂ ಬಿಗಿಯಾಗಿ ಸುತ್ತಿ, ಎರಡೂ ತುದಿ ಅವರ ತೊಡೆ ಕೆಳಗೆ ಸಿಕ್ಕಿಸಿದೆ.

“ಥಂಡಿ ಭಾಳ ಅದ. ಇದು ಅವರ ಜೋಡಿನೇ ಹೋಗ್ತದ. ಎತ್ರಿ.”

“ಮತ್ತ ಮಠಕ್ಕ ಯಾರ್ರಿ?” ಇಬ್ಬರೂ ಕೇಳಿದರು.

“ನೀವಿಬ್ಬರೂ ಕೂಡಿ ಒಬ್ಬರನ್ನ ಕರಕೊಂಬರ್ರಿ. ಅವತ್ತ ನಾನೇ ಹೊಸ ಶಾಲ್ ತರ್ತೀನಿ.”

ಪಕ್ಕದ ಮನೆಯ ಮುದುಕಿ ಕೇಶರಬಾಯಿ ಮೂಲೆಯಿಂದ ಅಂದಳು: “ಹಾಂಗಾದ್ರ ನಿನಗ ಶಾಲಿನ ಖರ್ಚೇ ಇಲ್ಲ ಬಿಡವ್ವ.”

ಯಾರೋ ನಕ್ಕರು. ಸಿದ್ದಪ್ಪ ಎತ್ತಲು ಬಗ್ಗಿದ. ಅವನೊಬ್ಬನೇ ಎತ್ತಿದ ಎಂದಾಗಬಾರದೆಂದು ವೈಜಿನಾಥನೂ ಓಡಿ ಬಂದು ಕೈ ಹಾಕಿದ. ಹೊತ್ತು ಮುಳುಗುವ ಮೊದಲೇ ಮಣ್ಣಾಯಿತು. ನಾನು ಆಗ ಅತ್ತೆ. ಅತ್ತ ಮೇಲೆ ಹಸಿವಾಯಿತು, ಉಂಡೆ.

ಹೊಸ ಶಾಲು ಇನ್ನೂ ತಂದಿಲ್ಲ. ವಿಭೂತಿ ಗಟ್ಟಿ ಮಠದ ಹೊಸ್ತಿಲ ಪಕ್ಕ ಇಟ್ಟಿದ್ದೇನೆ. ಬಂದವರು ತಾವೇ ಹಚ್ಚಿಕೊಂಡು ಹೋಗುತ್ತಾರೆ. ನಮ್ಮವರ ಕೈ ಹಿಡಿದು ತಮ್ಮ ಕಡೆ ಜಗ್ಗುವವರು ಈಗ ಯಾರೂ ಇಲ್ಲ.